ಹಳೆಯ ಕಥೆ, ಹೊಸ ಪ್ರಶ್ನೆ

ನಮ್ಮ ಊರು ಹೊಳೆನರಸೀಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರಿಗೆ ಕೂಗಳತೆಯ ದೂರದಲ್ಲಿ ಹೇಮಾವತಿ ಹರಿಯುತ್ತಾಳೆ. ನನ್ನ ಬಾಲ್ಯದಲ್ಲಿ, ಸುಗ್ಗಿ ಮುಗಿದು ಕಣಗಳು ಬರಿದಾದೊಡನೆ ಊರಿನ ಗಂಡಸರಿಗೆ ನಾಟಕದ ಗುಂಗು ಹಿಡಿಯುತ್ತಿತ್ತು. ನಾಟಕವೆಂದರೆ ಹೆಚ್ಚಾಗಿ ‘ಕುರುಕ್ಷೇತ್ರ’ವೇ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹಳ್ಳಿಗಳಲ್ಲಿ ಈ ಪೌರಾಣಿಕ ನಾಟಕವನ್ನು ಆಡುವ ವಾಡಿಕೆ ಇಂದಿಗೂ ಉಳಿದಿದೆ. ಹೊರಗಿನಿಂದ ಬಂದ ಹಾರ್ಮೋನಿಯಂ ಮೇಷ್ಟರು ಎರಡು ತಿಂಗಳು ನಮ್ಮಲ್ಲೇ ಬೀಡುಬಿಟ್ಟು ಪದಗಳನ್ನೂ ಮಾತುಗಳನ್ನೂ ಕಲಿಸುತ್ತಿದ್ದರು. ಪಾತ್ರ ಬೇಕೆನ್ನುವವರು ತಾವೇ ಹಣ ಕಟ್ಟಬೇಕಾಗಿತ್ತು. ಕೃಷ್ಣ, ದುರ್ಯೋಧನ, ಕರ್ಣ ಇಂತಹ ದೊಡ್ಡ ಪಾತ್ರಗಳಿಗೆ ಹಣವೂ ದೊಡ್ಡದು. ನಮ್ಮ ಅಪ್ಪ ಪ್ರತಿವರ್ಷವೂ ರಾಗಿ ಮಾರಿದ ಹಣದಲ್ಲಿ ಒಂದಿಷ್ಟನ್ನು ತೆಗೆದಿರಿಸಿ ಕರ್ಣನ ಪಾತ್ರವನ್ನು ಪಡೆಯುತ್ತಿದ್ದರು. ಅವ್ವ ಗೊಣಗುತ್ತಿದ್ದಳು, ಆದರೆ ನಾಟಕದ ರಾತ್ರಿ ಎಲ್ಲರಿಗಿಂತ ಮೊದಲು ಚಾಪೆ ಹಾಸಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದವಳೂ ಅವಳೇ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಕರ್ಣನ ಮಾತುಗಳನ್ನು ಯಾರಾದರೂ ಓದಿ ಹೇಳಬೇಕು, ಅಪ್ಪ ಕೇಳಿ ಕಂಠಪಾಠ ಮಾಡಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ದನಗಳಿಗೆ ಹುಲ್ಲು ಹಾಕಿ, ಊಟ ಮುಗಿಸಿ, ಲಾಂದ್ರದ ಬೆಳಕಿನಲ್ಲಿ ನಾನು ಒಂದೊಂದೇ ಸಾಲನ್ನು ಓದುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ನಾನು ಓದುವಾಗ ತಪ್ಪಿದರೆ ಮೂಲೆಯಲ್ಲಿ ಕುಳಿತಿರುತ್ತಿದ್ದ ಅಕ್ಕ ಥಟ್ಟನೆ ತಿದ್ದುತ್ತಿದ್ದಳು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಓದಿನಲ್ಲಿ ನನಗಿಂತ ಬಹಳ ಮುಂದೆ ಇದ್ದವಳು. ಏಳನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿದ್ದಳು. ಆದರೆ ಪ್ರೌಢಶಾಲೆಗೆ ದೂರದ ಊರಿಗೆ ಹೋಗಬೇಕು. ಮನೆಯಲ್ಲಿ ಇದ್ದುದು ಒಂದೇ ಸೈಕಲ್ಲು. ಅವಳ ಓದು ಅಲ್ಲಿಗೆ ನಿಂತಿತು. ಎರಡು ವರ್ಷಗಳ ತರುವಾಯ ಆ ಸೈಕಲ್ಲನ್ನು ಹತ್ತಿ ನಾನು ಪ್ರೌಢಶಾಲೆಗೆ ಹೋದೆ. ಇದರಲ್ಲಿ ಕೇಳಬೇಕಾದುದು ಏನಾದರೂ ಇದೆಯೆಂದು ಅಂದು ಮನೆಯಲ್ಲಿ ಯಾರಿಗೂ ತೋರಲಿಲ್ಲ.

ಮುಂದೆ ನಾನು ಹಾಸನದ ಕಾಲೇಜಿಗೆ ಸೇರಿ ವಿದ್ಯಾರ್ಥಿನಿಲಯದಲ್ಲಿ ಉಳಿದೆ. ಪಟ್ಟಣದ ಗೆಳೆಯರು ಇಂಗ್ಲಿಷ್ ಕಾದಂಬರಿಗಳ ಹೆಸರು ಹೇಳುತ್ತಿದ್ದರು. ಹಳ್ಳಿಯ ನಾಟಕವೆಂದರೆ ಅವರಿಗೆ ಅರದಾಳ ಬಳಿದುಕೊಂಡು ರಾತ್ರಿಯೆಲ್ಲ ಅರಚುವ ಆಟ. ಅವರೊಡನೆ ನಾನೂ ನಕ್ಕೆ. ಆ ವರ್ಷ ಅಪ್ಪ ಹೇಳಿ ಕಳುಹಿಸಿದರು: ಮಾತುಗಳನ್ನು ಓದಿ ಹೇಳಲು ರಜೆಗೆ ಬರಬೇಕಂತೆ. ಪರೀಕ್ಷೆಯಿದೆಯೆಂದು ಸುಳ್ಳು ಹೇಳಿ ನಾನು ಹೋಗಲಿಲ್ಲ. ಮಾತುಗಳನ್ನು ಅಕ್ಕ ಓದಿ ಹೇಳಿದಳಂತೆ. ನಾಟಕ ನೋಡಲಿಕ್ಕೂ ನಾನು ಹೋಗಲಿಲ್ಲ.

ಇಂತಹ ದಿನಗಳಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ತೆಳ್ಳನೆಯ ಪುಸ್ತಕ ನನ್ನ ಕೈಗೆ ಸಿಕ್ಕಿತು. ಅದು ಗಿರೀಶ ಕಾರ್ನಾಡರ ‘ಹಯವದನ’ ನಾಟಕ. ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು ಬರೆದ ನಾಟಕವೆಂದು ಕೇಳಿದ್ದೆನಾದ್ದರಿಂದ ಅದರಲ್ಲಿ ಸೋಫಾಗಳೂ ದೂರವಾಣಿಗಳೂ ಇರಬಹುದೆಂದು ಊಹಿಸಿದ್ದೆ. ತೆರೆದು ನೋಡಿದರೆ ನಾಟಕ ಮೊದಲಾಗುವುದೇ ಗಣಪತಿಯ ಪೂಜೆಯಿಂದ! ಕಥೆಯನ್ನು ನಡೆಸುವವನು ಭಾಗವತ. ಅಲ್ಲಿ ಮುಖವಾಡಗಳಿದ್ದುವು, ಹಾಡುಗಳಿದ್ದುವು, ಮಾತನಾಡುವ ಗೊಂಬೆಗಳಿದ್ದುವು. ಇಬ್ಬರು ಹಿಡಿದು ನಿಲ್ಲುವ ತೆರೆಯಿತ್ತು. ನಮ್ಮ ತಾತನ ಕಾಲದಲ್ಲಿ ಊರಿನಲ್ಲಿ ಆಡುತ್ತಿದ್ದ ಮೂಡಲಪಾಯದಲ್ಲಿಯೂ ಹೀಗೆಯೇ ತೆರೆ ಹಿಡಿಯುತ್ತಿದ್ದರೆಂದು ಕೇಳಿ ಬಲ್ಲೆ. ನಾನು ಯಾವುದನ್ನು ಕಂಡು ನಗುತ್ತಿದ್ದೆನೋ ಅದನ್ನು ಇವರು ನಾಟಕದ ನಡುಮನೆಯಲ್ಲಿ ತಂದು ಕೂರಿಸಿದ್ದರು. ಗೆಳೆಯರಿಬ್ಬರ ತಲೆಗಳು ಅದಲುಬದಲಾದಾಗ ಅವರಲ್ಲಿ ಯಾರು ಯಾರೆಂಬ ಹಳೆಯ ಬೇತಾಳನ ಒಗಟನ್ನು ಜರ್ಮನ್ ಲೇಖಕ ಥಾಮಸ್ ಮಾನ್ ಮತ್ತೆ ಕಥೆಯಾಗಿ ಬರೆದಿದ್ದನು. ಅದೇ ಒಗಟನ್ನು ಹಿಡಿದು ಕಾರ್ನಾಡರು, ಮನುಷ್ಯನು ಎಂದಾದರೂ ಪೂರ್ಣನಾಗಬಲ್ಲನೆ ಎಂದು ನಮ್ಮನ್ನು ಕೇಳುತ್ತಾರೆ. ಈ ನಾಟಕವನ್ನು ಬರೆದವರು ಯಾರು, ಎಲ್ಲಿಂದ ಬಂದವರು ಎಂಬುದನ್ನು ಅರಿಯುವ ಹಂಬಲ ನನ್ನಲ್ಲಿ ಹುಟ್ಟಿತು.

ಗಿರೀಶ ಕಾರ್ನಾಡರು ಹುಟ್ಟಿದುದು 1938ನೆಯ ಮೇ 19ರಂದು, ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ. ಮನೆಮಾತು ಕೊಂಕಣಿ. ತಂದೆ ವೈದ್ಯರು, ತಾಯಿ ದಾದಿಯ ಕೆಲಸ ಕಲಿತವರು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿದ್ದ ಆಕೆಯನ್ನು, ಅಂದಿನ ಸಮಾಜ ಒಪ್ಪದಿದ್ದರೂ, ತಂದೆ ವಿವಾಹವಾಗಿದ್ದರು. ತಂದೆಯ ಉದ್ಯೋಗದ ನಿಮಿತ್ತ ಕುಟುಂಬವು ಶಿರಸಿಗೆ ಬಂದಿತು. ಕಾಡಿನ ನಡುವಿನ ಆ ಊರಿನಲ್ಲಿ ಬಾಲಕ ಗಿರೀಶ ಯಕ್ಷಗಾನವನ್ನೂ ಸಂಚಾರಿ ಕಂಪನಿಗಳ ನಾಟಕಗಳನ್ನೂ ಕಣ್ತುಂಬ ನೋಡಿದನು. ಹದಿನಾಲ್ಕನೆಯ ವಯಸ್ಸಿಗೆ ಧಾರವಾಡವನ್ನು ಸೇರಿ, 1958ರಲ್ಲಿ ಕರ್ನಾಟಕ ಕಾಲೇಜಿನಿಂದ ಗಣಿತ ಮತ್ತು ಸಂಖ್ಯಾಶಾಸ್ತ್ರಗಳಲ್ಲಿ ಪದವಿ ಪಡೆದನು.

ವಿದ್ಯಾರ್ಥಿಯಾಗಿದ್ದಾಗ ಅವರಿಗೊಂದು ಹವ್ಯಾಸವಿತ್ತು. ಲೋಕಪ್ರಸಿದ್ಧರ ಚಿತ್ರಗಳನ್ನು ಬರೆದು, ಹಸ್ತಾಕ್ಷರಕ್ಕಾಗಿ ಅವರಿಗೇ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಐರ್ಲೆಂಡಿನ ನಾಟಕಕಾರ ಶಾನ್ ಓಕೇಸಿಯಿಂದ ಬಂದ ಉತ್ತರ ಬೇರೆಯ ಬಗೆಯದಾಗಿತ್ತು. ಇತರರ ಹಸ್ತಾಕ್ಷರಕ್ಕಾಗಿ ಹೊತ್ತು ಕಳೆಯುವ ಬದಲು, ಜನರು ನಿನ್ನ ಹಸ್ತಾಕ್ಷರವನ್ನು ಬಯಸುವಂತಹ ಕೆಲಸವನ್ನು ಮಾಡು ಎಂಬ ಹಿತವಚನ ಅದರಲ್ಲಿತ್ತು. ಹುಡುಗನು ಹಸ್ತಾಕ್ಷರ ಸಂಗ್ರಹಿಸುವುದನ್ನು ಅಂದಿಗೆ ಬಿಟ್ಟನು.

ಕಾರ್ನಾಡರ ಬಯಕೆಯಿದ್ದುದು ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದು. ರೋಡ್ಸ್ ವಿದ್ಯಾರ್ಥಿವೇತನ ದೊರೆತು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟು ನಿಂತಾಗ ಮನೆಯಲ್ಲಿ ಕಳವಳ ಹಬ್ಬಿತ್ತು. ಮಗ ಮರಳಿ ಬರುವನೋ ಇಲ್ಲವೋ, ಹಿರಿಯರಿಗೆ ಅವನು ತೀರಿಸಬೇಕಾದ ಋಣವೆಷ್ಟು ಎಂಬ ಮಾತುಗಳು ಬಾಯಿಬಿಟ್ಟೂ ಬಿಡದೆಯೂ ಸುಳಿಯುತ್ತಿದ್ದುವು. ಅದೇ ಸಮಯದಲ್ಲಿ ರಾಜಾಜಿಯವರ ಮಹಾಭಾರತವನ್ನು ಓದುತ್ತಿದ್ದ ಅವರಿಗೆ ಯಯಾತಿಯ ಕಥೆ ಹಿಡಿದುಕೊಂಡಿತು. ಬರೆಯಲು ಕುಳಿತರೆ ಕವಿತೆಯ ಬದಲು ನಾಟಕ ಬಂದಿತು. ಇಂಗ್ಲಿಷಿನ ಬದಲು ಕನ್ನಡ ಬಂದಿತು. ಮನೆಮಾತಲ್ಲದಿದ್ದರೂ ಬಾಲ್ಯದಲ್ಲಿ ಕಿವಿಗೆ ಬಿದ್ದು ಒಳಗಿಳಿದಿದ್ದ ಭಾಷೆಯೇ ಮನಸ್ಸು ಕಲಕಿದಾಗ ಮೇಲೆದ್ದು ಬಂದಿತು. ಈ ನಾಟಕವನ್ನು ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಪ್ರಕಟಿಸಿತು. ಆಕ್ಸ್‌ಫರ್ಡಿನ ವಿದ್ಯಾರ್ಥಿಸಂಘದ ಅಧ್ಯಕ್ಷರೂ ಆದ ಕಾರ್ನಾಡರು 1963ರಲ್ಲಿ ಸ್ವದೇಶಕ್ಕೆ ಮರಳಿ ಮದರಾಸಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಬರವಣಿಗೆಗಾಗಿಯೇ 1970ರಲ್ಲಿ ಆ ಕೆಲಸವನ್ನು ಬಿಟ್ಟರು.

1964ರಲ್ಲಿ ‘ತುಘಲಕ್’ ಬಂದಿತು. ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಒಯ್ದ, ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದ ಸುಲ್ತಾನನನ್ನು ನಾವು ಚರಿತ್ರೆಯ ಪಾಠದಲ್ಲಿ ಹುಚ್ಚನೆಂದು ಓದಿ ಮುಗಿಸುತ್ತಿದ್ದೆವು. ಕಾರ್ನಾಡರು ಅವನಲ್ಲಿ ದೊಡ್ಡ ಕನಸುಗಾರನನ್ನು ಕಂಡರು. ಆ ಕನಸು ರಕ್ತದಲ್ಲಿ ಮುಳುಗಿದ ಬಗೆಯನ್ನೂ ತೋರಿಸಿದರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಕಂಡ ಕನಸುಗಳು ಮಸುಕಾಗುತ್ತಿದ್ದ ಕಾಲದಲ್ಲಿ ಆ ನಾಟಕವನ್ನು ನೋಡಿದವರಿಗೆ ಆರು ನೂರು ವರ್ಷಗಳ ಹಿಂದಿನ ಕಥೆ ತಮ್ಮದೇ ಕಥೆಯೆನ್ನಿಸಿತು. ಮುಂದೆ ‘ನಾಗಮಂಡಲ’ ಎ.ಕೆ. ರಾಮಾನುಜನ್ನರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿತು. ‘ತಲೆದಂಡ’ ಬಸವಣ್ಣನವರ ಕಾಲದ ಕಲ್ಯಾಣದಿಂದ, ‘ಅಗ್ನಿ ಮತ್ತು ಮಳೆ’ ಮಹಾಭಾರತದ ಯವಕ್ರೀತನ ಉಪಾಖ್ಯಾನದಿಂದ ಹುಟ್ಟಿದುವು. ಹಳೆಯ ಬಾವಿಗಳಿಂದ ಹೊಸ ನೀರನ್ನು ಸೇದುವ ಈ ಕೆಲಸವನ್ನು ಬೇರೆ ದೇಶದವರೂ ಮಾಡಿದ್ದಾರೆ. 1997ರಲ್ಲಿ ನೊಬೆಲ್ ಬಹುಮಾನ ಪಡೆದ ಇಟಲಿಯ ನಾಟಕಕಾರ ಡೇರಿಯೊ ಫೋ, ಊರೂರು ಅಲೆಯುತ್ತ ಜನರನ್ನು ನಗಿಸುತ್ತಿದ್ದ ಹಿಂದಿನ ಕಾಲದ ಆಟಗಾರರ ಕಲೆಯಿಂದಲೇ ತನ್ನ ರಂಗಭೂಮಿಯನ್ನು ಕಟ್ಟಿಕೊಂಡವನು.

ಇನ್ನು ನನ್ನ ಮನೆಯ ಮಾತಿಗೆ ಬರುತ್ತೇನೆ. ಅದು 1977ರ ಬೇಸಿಗೆ. ‘ಯಯಾತಿ’ಯನ್ನು ಕೈಯಲ್ಲಿ ಹಿಡಿದು ರಜೆಗೆ ಊರಿಗೆ ಹೋದೆ. ಅಪ್ಪನಿಗೆ ಉಬ್ಬಸ ಹತ್ತಿತ್ತು. ನಾನು ತಪ್ಪಿಸಿಕೊಂಡ ಆ ನಾಟಕವೇ ಅವರು ಕರ್ಣನಾಗಿ ನಿಂತ ಕೊನೆಯ ನಾಟಕವಾಗಿತ್ತು. ಆ ವರ್ಷ ಕರ್ಣನ ಪಾತ್ರವನ್ನು ಬೇರೊಬ್ಬರು ಮಾಡಿದ್ದರು. ಅಪ್ಪ ಕಂಬಳಿ ಹೊದ್ದು ಕೆಳಗೆ ಕುಳಿತು ನೋಡಿದ್ದರು. ನನ್ನ ಮೇಲೆ ಅವರು ಒಂದು ಮಾತನ್ನೂ ಆಡಲಿಲ್ಲ. ರಾತ್ರಿ ಊಟವಾದ ಮೇಲೆ, “ಅದೇನು ಪುಸ್ತಕ ಮಗಾ, ನಾಟಕವಾ? ಒಂದಿಷ್ಟು ಓದು ನೋಡೋಣ” ಎಂದರು. ಬಹುದಿನಗಳ ಅನಂತರ ನಾನು ಲಾಂದ್ರದ ಮುಂದೆ ಕುಳಿತೆ. ಅಕ್ಕ ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು.

ಯಯಾತಿಯ ಕಥೆಯನ್ನು ನೀವೂ ಬಲ್ಲಿರಿ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುದುಕನಾದ ರಾಜನು ತನ್ನ ಮುಪ್ಪನ್ನು ಪಡೆದು ಯೌವನವನ್ನು ಕೊಡುವಂತೆ ಮಕ್ಕಳನ್ನು ಬೇಡುತ್ತಾನೆ. ಕಿರಿಯ ಮಗ ಪೂರು ಒಪ್ಪುತ್ತಾನೆ. ಪಿತೃಭಕ್ತಿಗೆ ನಿದರ್ಶನವೆಂದು ತಲೆಮಾರುಗಳಿಂದ ಈ ಕಥೆಯನ್ನು ಹೇಳುತ್ತ ಬಂದಿದ್ದೇವೆ. ಪೂರು ಮುಪ್ಪನ್ನು ಸ್ವೀಕರಿಸುವಲ್ಲಿಗೆ ಬಂದು ನಾನು ಪುಟ ಮಗುಚುವಷ್ಟರಲ್ಲಿ ಅಪ್ಪ ಕೈಯೆತ್ತಿ ನಿಲ್ಲಿಸಿದರು.

“ಅಲ್ಲ ಕಣಪ್ಪ, ಮಗ ಒಪ್ಪಿಕೊಂಡ, ಸರಿ. ಮದುವೆಯಾಗಿ ಬಂದಿದ್ದಾಳಲ್ಲ, ಆ ಹೆಣ್ಣುಮಗಳು? ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲವಾ?”

ನಾನು ಬೆರಗಾದೆ. ವ್ಯಾಸರ ಕಥೆಯಲ್ಲಿ ಯೌವನದ ಈ ಕೊಡುಕೊಳ್ಳುವಿಕೆ ನಡೆಯುವಾಗ ಪೂರುವಿನ ಹೆಂಡತಿಯ ಮಾತೇ ಬರುವುದಿಲ್ಲ. ಚಿತ್ರಲೇಖೆಯೆಂಬ ಹೆಸರಿನಲ್ಲಿ ಅವಳನ್ನು ರಂಗದ ಮೇಲೆ ತಂದವರು ಕಾರ್ನಾಡರು. ಗಂಡನ ಯೌವನ ಹೋದ ಮೇಲೆ ತನ್ನ ಬಾಳಿನ ಗತಿಯೇನೆಂದು ಅವಳು ಮಾವನನ್ನು ನೇರವಾಗಿ ಕೇಳುತ್ತಾಳೆ. ಉತ್ತರ ಕಾಣದೆ ಅವಳ ಬಾಳು ಕೊನೆಗೊಳ್ಳುತ್ತದೆ. ಆ ಸಾವಿನಿಂದ ಯಯಾತಿಯ ಕಣ್ಣು ತೆರೆದು, ಅವನು ತನ್ನ ಮುಪ್ಪನ್ನು ತಾನೇ ಹಿಂದಕ್ಕೆ ಪಡೆಯುತ್ತಾನೆ. ಈ ಭಾಗವನ್ನು ನಾನು ಇನ್ನೂ ಓದಿರಲಿಲ್ಲ. ಆಕ್ಸ್‌ಫರ್ಡಿಗೆ ಹೊರಟ ತರುಣನಿಗೆ ಹೊಳೆದ ಪ್ರಶ್ನೆ, ಅಕ್ಷರ ಬಾರದ ನಮ್ಮ ಅಪ್ಪನಿಗೂ ಹೊಳೆದಿತ್ತು.

ನಾನು ಉತ್ತರ ಹೇಳುವ ಮೊದಲೇ ಮೂಲೆಯಿಂದ ಅಕ್ಕನ ದನಿ ಬಂದಿತು. “ಕೇಳಿದ್ದರೆ ಕಥೆ ಅಲ್ಲಿಗೇ ನಿಂತುಹೋಗುತ್ತಿತ್ತಲ್ಲಪ್ಪ.”

ಅವಳು ತಲೆಯೆತ್ತಲಿಲ್ಲ, ಹುಣಸೆಬೀಜಗಳನ್ನು ಬೇರೆ ಮಾಡುತ್ತಲೇ ಇದ್ದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಅಪ್ಪ ಬಹಳ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಅವರ ದೃಷ್ಟಿ ಗೋಡೆಗೆ ಒರಗಿಸಿದ್ದ ಹಳೆಯ ಸೈಕಲ್ಲಿನ ಕಡೆಗೆ ಹೊರಳಿತು. “ಮುಂದೆ ಓದು” ಎಂದರು. ನನ್ನ ಗಂಟಲು ಕಟ್ಟಿತ್ತು. ಅಕ್ಕ ಎದ್ದು ಕೈತೊಳೆದು ಬಂದು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಚಿತ್ರಲೇಖೆಯ ಮಾತುಗಳನ್ನು ಓದಿದವಳು ಅವಳೇ.

ಆ ರಾತ್ರಿಯಿಂದ ಅಕ್ಕನ ಓದು ಹಿಂದಿರುಗಿ ಬರಲಿಲ್ಲ. ಮರುವರ್ಷ ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದಕ್ಕೆ ಅವಳ ಮದುವೆಯಾಯಿತು. ಆದರೆ ಈ ಸಲ ಗಂಡನ್ನು ಗೊತ್ತುಮಾಡುವ ಮುನ್ನ ಅಪ್ಪ ಅವಳನ್ನು ಕೂರಿಸಿಕೊಂಡು, “ನಿನಗೆ ಒಪ್ಪಿಗೆಯೇನವ್ವ?” ಎಂದು ಕೇಳಿದರು. ನಮ್ಮ ಮನೆಯಲ್ಲಿ ಹಾಗೆ ಕೇಳಿದುದು ಅದೇ ಮೊದಲು. ಅರಕಲಗೂಡಿಗೆ ಹೋದ ಮೇಲೂ ಅವಳು ಓದುವುದನ್ನು ಬಿಡಲಿಲ್ಲ. ಅನಕೃ ಅವರ ಹೆಸರಿನ ಮೊದಲ ಅಕ್ಷರ ತಾನು ಸೇರಿದ ಊರಿನದೆಂದು ಹೆಮ್ಮೆಪಡುತ್ತ ಅವರ ಕಾದಂಬರಿಗಳನ್ನು ಒಂದೊಂದಾಗಿ ತರಿಸಿಕೊಂಡು ಓದಿದಳು.

ಪುಸ್ತಕ ತಲುಪದ ಕಡೆಗೆ ಪ್ರಶ್ನೆಗಳನ್ನು ಒಯ್ಯಲು ಕಾರ್ನಾಡರು ಚಲನಚಿತ್ರವನ್ನೂ ಬಳಸಿದರು. 1970ರ ‘ಸಂಸ್ಕಾರ’ದಲ್ಲಿ ಅವರು ಮುಖ್ಯಪಾತ್ರ ವಹಿಸಿ, ಚಿತ್ರಕಥೆಯನ್ನೂ ಬರೆದರು. ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನು ಪಡೆದ ಮೊದಲ ಕನ್ನಡ ಚಿತ್ರವದು. ಅನಂತರ ಬಿ.ವಿ. ಕಾರಂತರೊಡನೆ ಕೂಡಿ ‘ವಂಶವೃಕ್ಷ’ವನ್ನು ನಿರ್ದೇಶಿಸಿದರು; 1971ನೆಯ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಒಟ್ಟಿಗೆ ಬಂದಿತು. ಆ ಕಾದಂಬರಿಯನ್ನು ಬರೆದ ಎಸ್.ಎಲ್. ಭೈರಪ್ಪನವರು ನಮ್ಮ ಜಿಲ್ಲೆಯವರೇ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದವರು. ವಿಧವೆಯಾದ ಕಾತ್ಯಾಯನಿ ಓದಬೇಕೆಂದೂ ಮರಳಿ ಬದುಕಬೇಕೆಂದೂ ಹಂಬಲಿಸುವ ಕಥೆಯದು. ಅವಳ ಮಾವ ಶ್ರೀನಿವಾಸ ಶ್ರೋತ್ರಿಗಳು ಕೆಟ್ಟವರಲ್ಲ, ಧರ್ಮಿಷ್ಠರು, ಕರುಣಾಳುಗಳು. ಅದರಿಂದಲೇ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ. ಇದೇ ಇಬ್ಬರು ನಿರ್ದೇಶಕರು ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ಯನ್ನೂ 1977ರಲ್ಲಿ ತೆರೆಗೆ ತಂದರು. ಬಹುಕಾಲದ ಮೇಲೆ ಇತಿಹಾಸವನ್ನು ಕುರಿತು ಭೈರಪ್ಪನವರಿಗೂ ಕಾರ್ನಾಡರಿಗೂ ತೀವ್ರ ಭಿನ್ನಾಭಿಪ್ರಾಯ ಬಂದಿತು. ಇಬ್ಬರೂ ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಿಸಿದರು. ಆದರೂ ಒಬ್ಬರ ಕಥೆ ಮತ್ತೊಬ್ಬರ ಕೈಯಲ್ಲಿ ಚಿತ್ರವಾದುದು ಹಾಗೆಯೇ ಉಳಿದಿದೆ.

‘ಕಾಡು’, ‘ಒಂದಾನೊಂದು ಕಾಲದಲ್ಲಿ’, ‘ಕಾನೂರು ಹೆಗ್ಗಡಿತಿ’ ಕಾರ್ನಾಡರು ನಿರ್ದೇಶಿಸಿದ ಇತರ ಕನ್ನಡ ಚಿತ್ರಗಳು. ಶಂಕರನಾಗ್ ಬೆಳಕಿಗೆ ಬಂದುದು ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ. ಅದೇ ಶಂಕರನಾಗ್ ಮುಂದೆ ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆಯಾಗಿ ನಟಿಸಿದವರು ಕಾರ್ನಾಡರೇ. 1998ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಕನ್ನಡಕ್ಕೆ ಅದು ಏಳನೆಯದು.

ನಾನು ಚನ್ನರಾಯಪಟ್ಟಣದಲ್ಲಿ ಪ್ರೌಢಶಾಲೆಯ ಉಪಾಧ್ಯಾಯನಾಗಿ ಬಹುಕಾಲ ದುಡಿದೆ. ಯಾವ ಕಥೆಯನ್ನು ಪಾಠ ಮಾಡಿದರೂ ಕೊನೆಯಲ್ಲಿ, “ಈ ಕಥೆಯಲ್ಲಿ ಯಾರನ್ನು ಒಂದು ಮಾತೂ ಕೇಳಲಿಲ್ಲ?” ಎಂದು ತರಗತಿಯನ್ನು ಕೇಳುವುದು ನನ್ನ ರೂಢಿಯಾಯಿತು. ಮೊದಮೊದಲು ಮಕ್ಕಳು ತಬ್ಬಿಬ್ಬಾಗುತ್ತಿದ್ದರು. ಆಮೇಲೆ ನನಗೇ ತೋಚದ ಉತ್ತರಗಳನ್ನು ಕೊಡುತ್ತಿದ್ದರು. ತರಗತಿಯಲ್ಲಿ ಹುಡುಗಿಯೊಬ್ಬಳ ಜಾಗ ಹಲವು ದಿನ ಖಾಲಿಯಾಗಿದ್ದರೆ ಅವಳ ಹಳ್ಳಿಗೆ ಹೋಗಿ ಮನೆಯ ಜಗಲಿಯ ಮೇಲೆ ಕುಳಿತು ಅದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಕೇಳುತ್ತಿದ್ದೆ. ಕೆಲವರು ಮರಳಿ ಬಂದರು, ಕೆಲವರು ಬರಲಿಲ್ಲ.

2019ನೆಯ ಜೂನ್ 10ರಂದು ಕಾರ್ನಾಡರು ಬೆಂಗಳೂರಿನಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಯಾವ ಸರ್ಕಾರಿ ಗೌರವವೂ ವಿಧಿವಿಧಾನವೂ ಇಲ್ಲದೆ ಅಂತ್ಯಕ್ರಿಯೆ ನಡೆಯಿತು. ಅಂದು ಸಂಜೆ ಅರಕಲಗೂಡಿಗೆ ದೂರವಾಣಿ ಮಾಡಿ ಅಕ್ಕನಿಗೆ ಸುದ್ದಿ ತಿಳಿಸಿದೆ. ಅವಳಿಗೆ ಹೆಸರು ಕೂಡಲೇ ನೆನಪಾಗಲಿಲ್ಲ. ಯಯಾತಿಯ ನಾಟಕವೆಂದು ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತು ಬರಲಿಲ್ಲ.

“ಓ, ಆ ಸೊಸೆಯನ್ನು ಮಾತನಾಡಿಸಿದವರಾ?” ಎಂದಳು ಅಕ್ಕ. “ಪುಣ್ಯವಂತರು ಕಣೋ.”